ಪ್ರೊಟೆಕ್ಷನ್ ವೀಸಾ ಟ್ರಿಬ್ಯೂನಲ್‌ನಲ್ಲೂ ತಿರಸ್ಕಾರವಾಯಿತೇ? ಆಸ್ಟ್ರೇಲಿಯಾದಲ್ಲಿ ಕೋರ್ಟಿಗೆ ಹೋಗುವ ದಾರಿ, ಹಂತ ಹಂತವಾಗಿ

ಮೊದಲು ಟ್ರಿಬ್ಯೂನಲ್ ಕೊಟ್ಟ ತೀರ್ಪಿನ ಪ್ರತಿ ಕೈಗೆತ್ತಿಕೊಳ್ಳಿ. ಅದರಲ್ಲಿ ತೀರ್ಪು ಕೊಟ್ಟ ತಾರೀಕು ಇರುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಅದಕ್ಕೆ ಸುತ್ತು ಹಾಕಿ. ಅಲ್ಲಿಂದ 35 ದಿನ ಎಣಿಸಿ, ಆ ದಿನಕ್ಕೂ ಸುತ್ತು ಹಾಕಿ. ಅಳು, ಸಿಟ್ಟು, ಊರಿಗೆ ಫೋನ್ ಮಾಡುವುದು, ಎಲ್ಲ ಆಮೇಲೆ. ಈ ಎರಡು ಗುರುತುಗಳ ನಡುವೆ ನಿಮ್ಮ ಬದುಕಿನ ದೊಡ್ಡ ಕೆಲಸ ಒಂದು, ಕೋರ್ಟಿಗೆ ಅರ್ಜಿ ಹಾಕುವುದು, ಮುಗಿಯಬೇಕು.

ಆಸ್ಟ್ರೇಲಿಯಾದಲ್ಲಿ ಆಶ್ರಯ ಕೇಳಿ, ಅಂದರೆ ಪ್ರೊಟೆಕ್ಷನ್ ವೀಸಾಕ್ಕೆ ಅರ್ಜಿ ಹಾಕಿ, ಇಲ್ಲ ಅನ್ನಿಸಿಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಅಂಥವರ ಪಕ್ಕದಲ್ಲಿ ಕೂತು ಕಾಗದ ಓದಿ ಹೇಳುವ ಗೆಳೆಯರಿಗೂ ಇದು ಬೇಕಾಗುತ್ತದೆ. ಕನ್ನಡದಲ್ಲಿ ಈ ವಿಷಯ ಸಿಗುವುದು ಕಡಿಮೆ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಕೋರ್ಟಿನ ಇಂಗ್ಲಿಷ್ ಕಷ್ಟವೇ. ನಾನು ವಕೀಲನಲ್ಲ. ಇದನ್ನು ಓದಿ ವಕೀಲರ ಹತ್ತಿರ ಹೋದರೆ, ಅವರು ಹೇಳುವುದು ನಿಮಗೆ ಅರ್ಥವಾಗಬೇಕು, ನೀವು ಸರಿಯಾದ ಪ್ರಶ್ನೆ ಕೇಳುವಂತಾಗಬೇಕು. ನನ್ನ ಆಸೆ ಅಷ್ಟೇ.

1. ನೀವು ಈಗ ಯಾವ ಮೆಟ್ಟಿಲಲ್ಲಿ ಇದ್ದೀರಿ?

ಮೆಟ್ಟಿಲುಗಳು ಮೂರು. ಮೊದಲನೆಯದು ಗೃಹ ಇಲಾಖೆ. ಅಲ್ಲಿ ಒಬ್ಬ ಅಧಿಕಾರಿ ನಿಮ್ಮ ಅರ್ಜಿ ನೋಡುತ್ತಾರೆ. ಎರಡನೆಯದು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್. 2024ರ ಅಕ್ಟೋಬರ್ 14ರಿಂದ ಹಳೆಯ ಅಪೀಲ್ಸ್ ಟ್ರಿಬ್ಯೂನಲ್ ಜಾಗಕ್ಕೆ ಇದು ಬಂದಿದೆ. ಇಲ್ಲಿ ನಿಮ್ಮ ಕಥೆಯನ್ನು ಮೊದಲಿಂದ ಮತ್ತೆ ಕೇಳುತ್ತಾರೆ, ಹೊಸ ದಾಖಲೆಗಳನ್ನೂ ನೋಡುತ್ತಾರೆ. ಮೂರನೆಯದು ಕೋರ್ಟು.

ಇಲಾಖೆ ಮಾತ್ರ ತಿರಸ್ಕರಿಸಿದ್ದರೆ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಟ್ರಿಬ್ಯೂನಲ್‌ಗೆ ಹೋಗಬೇಕು. ಅದಕ್ಕೆ 28 ದಿನ ಸಿಗುತ್ತದೆ. ಡಿಟೆನ್ಷನ್‌ನಲ್ಲಿ, ಅಂದರೆ ವಲಸೆ ಬಂಧನದಲ್ಲಿ, ಇದ್ದರೆ 7 ದಿನ ಮಾತ್ರ. ಈ ಗಡುವನ್ನು ಟ್ರಿಬ್ಯೂನಲ್ ವಿಸ್ತರಿಸುವುದಿಲ್ಲ. ಒಂದು ದಿನ ತಡವಾದರೂ ಆ ಬಾಗಿಲು ಮುಚ್ಚುತ್ತದೆ.

ಟ್ರಿಬ್ಯೂನಲ್ ಕೂಡ ಇಲ್ಲ ಅಂದಿದ್ದರೆ ಮುಂದೆ ಓದಿ.

2. 35 ದಿನದ ಲೆಕ್ಕ

1958ರ ಮೈಗ್ರೇಷನ್ ಕಾಯ್ದೆಯ 477ನೇ ಕಲಂ ಹೇಳುವ ಗಡುವು 35 ದಿನ. ಇಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. ದಿನ ಎಣಿಸುವುದು ತೀರ್ಪು ಕೈಗೆ ಬಂದ ದಿನದಿಂದ ಅಲ್ಲ, ತೀರ್ಪಿನ ತಾರೀಕಿನಿಂದ. ತೀರ್ಪಿನಲ್ಲಿ ಜೂನ್ 2 ಅಂತಿದೆ, ನೀವು ಇಮೇಲ್ ತೆರೆದದ್ದು ಜೂನ್ 12ಕ್ಕೆ ಅಂದುಕೊಳ್ಳಿ. ಆದರೂ ಗಡುವು ಜುಲೈ 7ಕ್ಕೇ ಮುಗಿಯುತ್ತದೆ. ವಿಚಾರಣೆಯ ದಿನವೇ ಬಾಯಿಮಾತಿನಲ್ಲಿ ತೀರ್ಪು ಹೇಳಿದ್ದರೆ ಆ ದಿನದಿಂದಲೇ ಎಣಿಕೆ ಶುರು. ಲಿಖಿತ ಕಾರಣಗಳು ಬರಲಿ ಅಂತ ಕಾಯಬೇಡಿ.

ದಾಟಿಹೋಗಿದ್ದರೆ? ಸಮಯ ವಿಸ್ತರಣೆ ಕೇಳಬಹುದು. ಅದನ್ನು ಅರ್ಜಿಯಲ್ಲೇ ಬರೆದು ಕೇಳಬೇಕು. ಯಾಕೆ ತಡವಾಯಿತು, ಯಾಕೆ ಅವಕಾಶ ಕೊಡುವುದು ನ್ಯಾಯ ಅಂತ ವಿವರಿಸಬೇಕು. ಎಷ್ಟು ದಿನ ತಡ, ಕಾರಣ ನಂಬುವಂಥದ್ದೇ, ಕೇಸಿನಲ್ಲಿ ಹುರುಳಿದೆಯೇ ಅಂತ ಕೋರ್ಟ್ ನೋಡುತ್ತದೆ. ಆಸ್ಪತ್ರೆಯಲ್ಲಿದ್ದರೆ ಆ ಕಾಗದ ಹಾಕಿ. ವಕೀಲರಿಗಾಗಿ ಓಡಾಡಿದ್ದರೆ ಯಾವ ದಿನ ಯಾರಿಗೆ ಫೋನ್ ಮಾಡಿದಿರಿ ಅಂತ ಬರೆಯಿರಿ. ವಿಸ್ತರಣೆ ಕೊಡದಿದ್ದರೆ ಅದರ ವಿರುದ್ಧ ಮೇಲಿನ ಹಂತದ ಫೆಡರಲ್ ಕೋರ್ಟಿಗೆ ಮೇಲ್ಮನವಿ ಹಾಕುವಂತಿಲ್ಲ. ಅದಕ್ಕೇ ಹೇಳುವುದು, 35ನೇ ದಿನದವರೆಗೆ ಎಳೆಯಬೇಡಿ.

3. ಕೋರ್ಟ್ ಏನು ನೋಡುತ್ತದೆ, ಏನು ನೋಡುವುದಿಲ್ಲ

ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನು ಹೇಳುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಅಂಕ ಕಡಿಮೆ ಬಂದರೆ ಎರಡು ದಾರಿ ಇರುತ್ತವೆ ಅಲ್ವಾ? ಮರು ಮೌಲ್ಯಮಾಪನ ಮತ್ತು ಮರು ಎಣಿಕೆ. ಮರು ಮೌಲ್ಯಮಾಪನದಲ್ಲಿ ಇನ್ನೊಬ್ಬರು ಉತ್ತರವನ್ನೇ ಮತ್ತೆ ಓದಿ ಅಂಕ ಕೊಡುತ್ತಾರೆ. ಮರು ಎಣಿಕೆಯಲ್ಲಿ ಉತ್ತರ ಚೆನ್ನಾಗಿದೆಯಾ ಅಂತ ಯಾರೂ ನೋಡುವುದಿಲ್ಲ. ಎಲ್ಲ ಉತ್ತರಕ್ಕೂ ಅಂಕ ಹಾಕಿದ್ದಾರಾ, ಕೂಡಿದ್ದು ಸರಿಯಾ ಅಂತ ಮಾತ್ರ ನೋಡುತ್ತಾರೆ. ಟ್ರಿಬ್ಯೂನಲ್ ಮಾಡಿದ್ದು ಮರು ಮೌಲ್ಯಮಾಪನ. ಕೋರ್ಟ್ ಮಾಡುವುದು ಹೆಚ್ಚುಕಡಿಮೆ ಮರು ಎಣಿಕೆಯಂಥ ಕೆಲಸ.

ಅಂದರೆ ನೀವು ಹೇಳಿದ್ದು ನಿಜವೋ ಸುಳ್ಳೋ, ಊರಿಗೆ ಮರಳಿದರೆ ಅಪಾಯ ಇದೆಯೋ ಇಲ್ಲವೋ ಅಂತ ನ್ಯಾಯಾಧೀಶರು ತೀರ್ಮಾನ ಮಾಡುವುದಿಲ್ಲ. ಟ್ರಿಬ್ಯೂನಲ್ ಕಾನೂನು ಹೇಳಿದ ರೀತಿಯಲ್ಲಿ ತೀರ್ಮಾನ ಮಾಡಿತೇ ಅಂತ ನೋಡುತ್ತಾರೆ. ಮಾಡಿಲ್ಲದಿದ್ದರೆ ಅದಕ್ಕೆ ಜ್ಯೂರಿಸ್‌ಡಿಕ್ಷನಲ್ ಎರರ್ ಅನ್ನುತ್ತಾರೆ. ಕಾನೂನು ಕೊಟ್ಟ ಅಧಿಕಾರದ ಗೆರೆ ದಾಟಿದ ತಪ್ಪು ಅಂತ ಅರ್ಥ. ನಮ್ಮ ಹೈಕೋರ್ಟಿನಲ್ಲಿ 226ನೇ ವಿಧಿಯ ಕೆಳಗೆ ರಿಟ್ ಅರ್ಜಿ ಹಾಕುವುದನ್ನು ನೋಡಿದವರಿಗೆ ಇದು ಹೊಸದಲ್ಲ. ತೀರ್ಮಾನ ರದ್ದು ಮಾಡುವ ಸರ್ಷಿಯೊರರಿ, ಕರ್ತವ್ಯ ಮಾಡು ಎಂದು ಆದೇಶಿಸುವ ಮ್ಯಾಂಡಮಸ್ ಎಂಬ ಅದೇ ಹಳೆಯ ಇಂಗ್ಲಿಷ್ ರಿಟ್‌ಗಳು ಇಲ್ಲೂ ಇವೆ.

ವಲಸೆ ತೀರ್ಮಾನಗಳನ್ನು ಕೋರ್ಟ್ ಮುಟ್ಟಲೇಬಾರದು ಎನ್ನುವಂಥ ಕಲಂ ಒಂದನ್ನು ಸಂಸತ್ತು ಹಿಂದೆ ಸೇರಿಸಿತ್ತು. 2003ರ ಫೆಬ್ರುವರಿಯಲ್ಲಿ ಪ್ಲೇಂಟಿಫ್ ಎಸ್157 ಎಂಬ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ಕೋರ್ಟ್, ಅದಕ್ಕೆ ಮಿತಿ ಹಾಕಿತು. ಅಂಥ ತಪ್ಪು ಇರುವ ತೀರ್ಮಾನವು ಕಾಯ್ದೆಯ ಕಣ್ಣಿನಲ್ಲಿ ತೀರ್ಮಾನವೇ ಅಲ್ಲ, ಹಾಗಾಗಿ ಆ ಕಲಂ ಅದನ್ನು ಕಾಪಾಡುವುದಿಲ್ಲ ಎಂದಿತು. ಇವತ್ತು ನಿಮಗೆ ಕೋರ್ಟಿನ ಬಾಗಿಲು ತೆರೆದಿರುವುದು ಆ ತೀರ್ಪಿನಿಂದ.

4. ತೀರ್ಪನ್ನು ಪೆನ್ಸಿಲ್ ಹಿಡಿದು ಓದಿ

ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಎರಡು ಮೂರು ಸಂಜೆ ಇದಕ್ಕೇ ಇಡಿ. ತೀರ್ಪಿನ ಪ್ಯಾರಾಗಳಿಗೆ ಸಂಖ್ಯೆ ಇರುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ನೀವು ಇಲಾಖೆಗೂ ಟ್ರಿಬ್ಯೂನಲ್‌ಗೂ ಹೇಳಿದ ಪ್ರತಿ ಭಯವನ್ನು ಬರೆಯಿರಿ. ಬಲಗಡೆ ಅದಕ್ಕೆ ಉತ್ತರ ಕೊಟ್ಟ ಪ್ಯಾರಾ ಸಂಖ್ಯೆ ಬರೆಯಿರಿ. ಬಲಗಡೆ ಎಲ್ಲಿ ಖಾಲಿ ಉಳಿಯುತ್ತದೋ ಅಲ್ಲಿ ನಿಲ್ಲಿ.

ಯಾಕೆಂದರೆ, ಸ್ಪಷ್ಟವಾಗಿ ಹೇಳಿದ ಮುಖ್ಯ ವಾದವನ್ನು ಪರಿಗಣಿಸದೇ ಬಿಡುವುದು ದೊಡ್ಡ ತಪ್ಪು. 2003ರ ದ್ರಾನಿಚ್ನಿಕೋವ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಪರಾಧಗಳ ಬಗ್ಗೆ ಕ್ರಮ ತೆಗೆದುಕೊಳ್ಳದ ಪೊಲೀಸ್ ವ್ಯವಸ್ಥೆಯನ್ನು ಬಹಿರಂಗವಾಗಿ ಟೀಕಿಸಿದ ವ್ಯಾಪಾರಿಗಳ ಗುಂಪಿಗೆ ತಾನು ಸೇರಿದವನು ಅಂತ ಆ ರಷ್ಯನ್ ವ್ಯಕ್ತಿ ಹೇಳಿದ್ದರು. ಟ್ರಿಬ್ಯೂನಲ್ ಬರೀ 'ರಷ್ಯಾದ ವ್ಯಾಪಾರಿಗಳು' ಅಂತ ನೋಡಿ ಮುಗಿಸಿತ್ತು. ಕೇಳಿದ ಪ್ರಶ್ನೆಯೇ ಬೇರೆ, ಉತ್ತರಿಸಿದ ಪ್ರಶ್ನೆಯೇ ಬೇರೆ. ಹೈಕೋರ್ಟ್ ಅದನ್ನು ತಪ್ಪು ಎಂದಿತು.

ಮುಂದಿನ ಪ್ರಶ್ನೆ: ಯಾವ ವಿಷಯದ ಮೇಲೆ ನಿಮ್ಮನ್ನು ನಂಬಲಿಲ್ಲವೋ, ಆ ವಿಷಯ ವಿಚಾರಣೆಯಲ್ಲಿ ಬಂದಿತ್ತೇ? 2006ರ ಎಸ್‌ಝಡ್‌ಬಿಇಎಲ್ ಪ್ರಕರಣದಲ್ಲಿ ಒಬ್ಬ ಇರಾನಿ ನಾವಿಕ ಹೇಳಿದ ಮೂರು ಸಂಗತಿಗಳನ್ನು ಟ್ರಿಬ್ಯೂನಲ್ ನಂಬಲಿಲ್ಲ. ಅವುಗಳಲ್ಲಿ ಎರಡರ ಬಗ್ಗೆ ಇಲಾಖೆಯ ಅಧಿಕಾರಿ ಅನುಮಾನವನ್ನೇ ಪಟ್ಟಿರಲಿಲ್ಲ. ಅನುಮಾನ ಇದೆ ಅಂತ ಟ್ರಿಬ್ಯೂನಲ್ ಅವನಿಗೆ ಹೇಳಲೂ ಇಲ್ಲ. ಹೇಳಿದ್ದರೆ ತಾನೇ ಅವನು ವಿವರಣೆ ಕೊಡುವುದು? ಅದು ಅನ್ಯಾಯ ಎಂದು ಹೈಕೋರ್ಟ್ ತೀರ್ಪು ಕೊಟ್ಟಿತು. ಹಾಗೆಯೇ ನಿಮ್ಮ ವಿರುದ್ಧ ಬೇರೆಯವರು ಕೊಟ್ಟ ಮಾಹಿತಿ ಇದ್ದರೆ, ಅದನ್ನು ನಿಮ್ಮ ಮುಂದಿಟ್ಟು ಉತ್ತರ ಕೇಳುವ ಕರ್ತವ್ಯ ಬಹಳ ಸಲ ಟ್ರಿಬ್ಯೂನಲ್ ಮೇಲೆ ಇರುತ್ತದೆ.

'ಸುಮ್ನೆ ಯಾರಿಗೂ ಗೊತ್ತಾಗದ ಹಾಗೆ ಬದುಕಿದರೆ ಏನೂ ಆಗುವುದಿಲ್ಲ' ಎಂಬ ಧಾಟಿ ತೀರ್ಪಿನಲ್ಲಿದ್ದರೆ ಅಲ್ಲಿ ಗೆರೆ ಎಳೆಯಿರಿ. ಬಾಂಗ್ಲಾದೇಶದ ಇಬ್ಬರು ಸಲಿಂಗಿ ಪುರುಷರ ಪ್ರಕರಣ ಎಸ್395ರಲ್ಲಿ ಟ್ರಿಬ್ಯೂನಲ್ ಹೀಗೇ ಯೋಚಿಸಿತ್ತು. ಯಾಕೆ ಮುಚ್ಚಿಟ್ಟು ಬದುಕುತ್ತಾರೆ, ಆ ಮುಚ್ಚಿಡುವಿಕೆಯೇ ಭಯದಿಂದ ಬಂದದ್ದಲ್ಲವೇ ಎಂಬ ಪ್ರಶ್ನೆಯನ್ನು ಅದು ಕೇಳಲೇ ಇಲ್ಲ ಎಂದು 2003ರಲ್ಲಿ ಹೈಕೋರ್ಟಿನ ಬಹುಮತ ಹೇಳಿತು.

ಭಾರತದಿಂದ ಬಂದವರ ತೀರ್ಪುಗಳಲ್ಲಿ ಮುಖ್ಯವಾಗಿ ನೋಡಬೇಕಾದ ಇನ್ನೊಂದು ಮಾತು, 'ದೇಶದೊಳಗೇ ಬೇರೆ ಊರಿಗೆ ಹೋಗಬಹುದು' ಎನ್ನುವುದು. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಕಲಬುರಗಿ ಕಡೆಯ ಹಳ್ಳಿಯ ಜೋಡಿ, ಜಾತಿ ಮೀರಿ ಮದುವೆಯಾದವರು, ಮನೆಯವರಿಂದ ಜೀವಭಯ. ಟ್ರಿಬ್ಯೂನಲ್ 'ಬೆಂಗಳೂರಿಗೋ ಮುಂಬೈಗೋ ಹೋಗಿ ಬದುಕಬಹುದು' ಎಂದಿತು ಅಂದುಕೊಳ್ಳಿ. ನಿರಾಶ್ರಿತರ ವ್ಯಾಖ್ಯೆಯ ಕೆಳಗೆ ಈಗಿನ ಕಾನೂನು ಕೇಳುವುದು, ಅಪಾಯ ಇಡೀ ದೇಶಕ್ಕೆ ಹಬ್ಬಿದೆಯೇ ಅಂತ. ಆದರೆ 2012ರ ಮಾರ್ಚ್‌ನಿಂದ ಪೂರಕ ರಕ್ಷಣೆ ಎಂಬ ಎರಡನೇ ದಾರಿಯೂ ಇದೆ. ಆ ವ್ಯಾಖ್ಯೆಗೆ ಹೊಂದದಿದ್ದರೂ ಮರಳಿದರೆ ಗಂಭೀರ ಹಾನಿಯ ಅಪಾಯ ಇರುವವರಿಗೆ ಅದು. ಅದರಲ್ಲಿ, ಹಾಗೆ ಹೋಗಿ ಬದುಕುವುದು ಈ ವ್ಯಕ್ತಿಗೆ ಸಮಂಜಸವೇ ಅಂತ ಕೇಳಲೇಬೇಕು. ಭಾಷೆ, ಕೆಲಸ, ಮಗು, ಕಾಯಿಲೆ, ಹಿಂಬಾಲಿಸಿ ಬರುವ ಬಂಧುಗಳು, ಎಲ್ಲ ಲೆಕ್ಕಕ್ಕೆ ಬರಬೇಕು. ಉಕ್ರೇನಿನ ಪತ್ರಕರ್ತನೊಬ್ಬನ ಎಸ್‌ಝಡ್‌ಎಟಿವಿ ಪ್ರಕರಣದಲ್ಲಿ 2007ರಲ್ಲೇ ಹೈಕೋರ್ಟ್ ಹೇಳಿದ್ದು ಇದನ್ನೇ: ಸಮಂಜಸವೋ ಅಲ್ಲವೋ ಎಂಬುದು ಆ ವ್ಯಕ್ತಿಯ ಪರಿಸ್ಥಿತಿ ನೋಡಿ ತೀರ್ಮಾನವಾಗಬೇಕು. ನಿಮ್ಮ ತೀರ್ಪಿನಲ್ಲಿ ಎರಡೂ ದಾರಿಗಳನ್ನು ಬೇರೆ ಬೇರೆಯಾಗಿ ನೋಡಿದ್ದಾರಾ, ಇಲ್ಲ ಒಂದೇ ಸಾಲಿನಲ್ಲಿ ಎರಡನ್ನೂ ಮುಗಿಸಿದ್ದಾರಾ ಅಂತ ಪರೀಕ್ಷಿಸಿ.

ಸಮಯ ಕೇಳಿ ಸಿಗದಿದ್ದದ್ದೂ ಒಂದು ಆಧಾರ ಆಗಬಹುದು. ಊರಿನಿಂದ ಎಫ್‌ಐಆರ್ ಪ್ರತಿ ಬರಬೇಕು, ಎರಡು ವಾರ ಕೊಡಿ ಅಂತ ಕೇಳಿದ್ದಿರಿ, ಸರಿಯಾದ ಕಾರಣವಿಲ್ಲದೆ ಕೊಡಲಿಲ್ಲ. 2013ರ ಲೀ ಪ್ರಕರಣ ಕೆಲಸದ ಕೌಶಲದ ವೀಸಾಕ್ಕೆ ಸಂಬಂಧಿಸಿದ್ದು, ಆದರೆ ತತ್ವ ಇಲ್ಲಿಗೂ ಹೊಂದುತ್ತದೆ. ಕಾರಣ ಕಾಣದಷ್ಟು ಅಸಮಂಜಸವಾಗಿ ಸಮಯ ನಿರಾಕರಿಸಿದರೆ ಅದು ಕಾನೂನಿನ ತಪ್ಪು.

ಇನ್ನು ಭಾಷೆ. ಕನ್ನಡಿಗರು ಇದನ್ನು ಬಹಳ ಗಮನ ಕೊಟ್ಟು ನೋಡಬೇಕು. ನಾವು ದೊಡ್ಡಪ್ಪನ ಮಗನನ್ನೂ 'ಅಣ್ಣ' ಅನ್ನುತ್ತೇವೆ. ದುಭಾಷಿ ಅದನ್ನು ಒಡಹುಟ್ಟಿದವ ಅಂತ ಹೇಳಿದರೆ, ಫಾರಂನಲ್ಲಿ 'ಅಣ್ಣತಮ್ಮಂದಿರು ಇಲ್ಲ' ಅಂತ ಬರೆದವರು ಸುಳ್ಳುಗಾರರಾಗಿ ಕಾಣುತ್ತಾರೆ. 'ಮೊನ್ನೆ ಬಂದು ಬೆದರಿಸಿದರು' ಅನ್ನುತ್ತೇವೆ. ಮೊನ್ನೆ ಅಂದರೆ ನಮಗೆ ಇತ್ತೀಚೆಗೆ ಅಂತ. ನಿಘಂಟಿನಲ್ಲಿ ನಿನ್ನೆಯ ಹಿಂದಿನ ದಿನ. 'ನಮ್ಮೂರು' ಹುಟ್ಟಿದ ಹಳ್ಳಿಯೂ ಹೌದು, ಈಗ ಇರುವ ಪಟ್ಟಣವೂ ಹೌದು. ಇಂಥ ಸಣ್ಣ ಪದಗಳ ಮೇಲೆ 'ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ' ಎಂಬ ಪ್ಯಾರಾ ಕಟ್ಟಿರಬಹುದು. ಹಾಗಾಗಿ ಟ್ರಿಬ್ಯೂನಲ್ ವಿಚಾರಣೆಯ ಆಡಿಯೋ ಪ್ರತಿ ತಕ್ಷಣ ಕೇಳಿ ಪಡೆಯಿರಿ. ಅನುಮಾನ ಇರುವ ನಿಮಿಷ, ಸೆಕೆಂಡ್ ಬರೆದಿಡಿ. ದುಭಾಷಿಯ ತಪ್ಪಿನಿಂದ ವಿಚಾರಣೆಯೇ ಅನ್ಯಾಯವಾಗಬಹುದು ಎಂದು ಫೆಡರಲ್ ಕೋರ್ಟ್ 1999ರ ಪೆರೇರಾ ಪ್ರಕರಣದಲ್ಲೂ 2013ರ ಎಸ್‌ಝಡ್‌ಆರ್‌ಎಂಕ್ಯೂ ಪ್ರಕರಣದಲ್ಲೂ ವಿವರಿಸಿದೆ. ಆದರೆ ತಪ್ಪು ಸಣ್ಣದಾದರೆ ಸಾಲದು. ಅದು ತೀರ್ಮಾನಕ್ಕೆ ಮುಟ್ಟಿರಬೇಕು.

ಈ ಕೊನೆಯ ಮಾತು ಎಲ್ಲ ತಪ್ಪುಗಳಿಗೂ ಹೆಚ್ಚುಕಡಿಮೆ ಅನ್ವಯಿಸುತ್ತದೆ. ಆ ತಪ್ಪು ಆಗದಿದ್ದರೆ ತೀರ್ಪು ಬೇರೆ ಆಗುವ ನಿಜವಾದ ಸಾಧ್ಯತೆ ಇತ್ತು ಅಂತ ತೋರಿಸಬೇಕು. 2024ರ ಎಲ್‌ಪಿಡಿಟಿ ಪ್ರಕರಣದಲ್ಲಿ ಹೈಕೋರ್ಟ್ ಇದು ಬಹಳ ಎತ್ತರದ ಬೇಲಿಯಲ್ಲ ಎಂದು ಸ್ಪಷ್ಟಪಡಿಸಿತು. ತೀರ್ಪು ಖಂಡಿತ ಬದಲಾಗುತ್ತಿತ್ತು ಅಂತ ಸಾಬೀತು ಮಾಡಬೇಕಿಲ್ಲ.

ಕೋರ್ಟಿನಲ್ಲಿ ನಡೆಯದ ಮಾತುಗಳೂ ಇವೆ. 'ನನ್ನನ್ನು ನಂಬಲಿಲ್ಲ' ಎನ್ನುವುದೊಂದೇ ಸಾಲದು. 'ಈಗ ಹೊಸ ಸಾಕ್ಷಿ ಸಿಕ್ಕಿದೆ' ಎನ್ನುವುದೂ ಸಾಮಾನ್ಯವಾಗಿ ಸಾಲದು. 'ಸದಸ್ಯರು (ಟ್ರಿಬ್ಯೂನಲ್‌ನಲ್ಲಿ ತೀರ್ಪು ಕೊಟ್ಟವರು) ಪಕ್ಷಪಾತಿ' ಅಂತ ಆಧಾರವಿಲ್ಲದೆ ಬರೆದರೆ ನಿಮ್ಮ ಒಳ್ಳೆಯ ವಾದವೂ ಹಗುರವಾಗುತ್ತದೆ. ತೀರ್ಪಿನ ಪ್ರತಿ ಪದದಲ್ಲಿ ಹುಳುಕು ಹುಡುಕುವ ಓದನ್ನು ನ್ಯಾಯಾಧೀಶರು ಒಪ್ಪುವುದಿಲ್ಲ. 1996ರ ವೂ ಶಾನ್ ಲಿಯಾಂಗ್ ಪ್ರಕರಣದಿಂದ ಆ ಎಚ್ಚರಿಕೆ ಇದೆ. ಗಟ್ಟಿಯಾದ ಎರಡು ಆಧಾರ, ಸಡಿಲವಾದ ಹತ್ತಕ್ಕಿಂತ ಮೇಲು.

5. ಯಾರ ಸಹಾಯ ಪಡೆಯಬೇಕು, ಯಾರಿಂದ ದೂರ ಇರಬೇಕು

ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲುವುದು ವಕೀಲರ ಕೆಲಸ, ಮೈಗ್ರೇಷನ್ ಏಜೆಂಟರದ್ದಲ್ಲ. ಸಿಡ್ನಿಯಲ್ಲಿ ರೆಫ್ಯೂಜಿ ಅಡ್ವೈಸ್ ಅಂಡ್ ಕೇಸ್‌ವರ್ಕ್ ಸರ್ವಿಸ್, ಮೆಲ್ಬರ್ನ್‌ನಲ್ಲಿ ರೆಫ್ಯೂಜಿ ಲೀಗಲ್ ಮತ್ತು ಅಸೈಲಂ ಸೀಕರ್ ರಿಸೋರ್ಸ್ ಸೆಂಟರ್ ಇವೆ. ಪ್ರತಿ ರಾಜ್ಯದಲ್ಲೂ ಲೀಗಲ್ ಏಡ್, ಅಂದರೆ ಸರ್ಕಾರಿ ಕಾನೂನು ನೆರವು ಸಂಸ್ಥೆ, ಇದೆ. ಎಲ್ಲ ಕಡೆ ಜನ ತುಂಬಿರುತ್ತಾರೆ. ಅದಕ್ಕೇ ಮೊದಲ ವಾರದಲ್ಲೇ ಫೋನ್ ಮಾಡಿ, ಗಡುವಿನ ತಾರೀಕನ್ನು ಮೊದಲ ವಾಕ್ಯದಲ್ಲೇ ಹೇಳಿ. ಇಂಗ್ಲಿಷ್ ಕಷ್ಟವಾದರೆ ಸರ್ಕಾರದ ಅನುವಾದ ಸೇವೆ ಟಿಐಎಸ್ ನ್ಯಾಷನಲ್ ಇದೆ, 131 450.

ವಕೀಲರು 'ಇದರಲ್ಲಿ ಗೆಲುವಿನ ಸಾಧ್ಯತೆ ಇಲ್ಲ' ಅಂದರೆ ಕೇಳಿಸಿಕೊಳ್ಳಿ. ಕೇಸಿನಲ್ಲಿ ತಕ್ಕಮಟ್ಟಿಗೆ ಹುರುಳಿದೆ ಅಂತ ಅವರು ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕು. ಸುಮ್ನೆ ಕೇಸು ಹಾಕಿಸಿದರೆ ಅವರ ಮೇಲೇ ಖರ್ಚು ಬೀಳಬಹುದು. ಆದರೂ ಇನ್ನೊಬ್ಬರ ಅಭಿಪ್ರಾಯ ಕೇಳುವುದು ತಪ್ಪಲ್ಲ.

'ಪ್ರೊಟೆಕ್ಷನ್ ವೀಸಾ ಹಾಕಿದರೆ ಕೆಲಸ ಮಾಡಿಕೊಂಡು ಇರಬಹುದು' ಅಂತ ಹೇಳಿ, ಯಾರದೋ ಕಥೆಯನ್ನು ನಿಮ್ಮ ಹೆಸರಿನಲ್ಲಿ ಬರೆದು, ಸಾವಿರಾರು ಡಾಲರ್ ತೆಗೆದುಕೊಳ್ಳುವವರು ಇದ್ದಾರೆ. ನಮ್ಮ ಭಾಷೆ ಮಾತಾಡುತ್ತಾರೆ ಅಂತ ನಂಬಬೇಡಿ. ಏಜೆಂಟರ ನೋಂದಣಿ ಸಂಖ್ಯೆಯನ್ನು ಸರ್ಕಾರದ ಪಟ್ಟಿಯಲ್ಲಿ ನೋಡಬಹುದು. ಇಂಥ ವಂಚನೆಯಿಂದ ನೀವು ಟ್ರಿಬ್ಯೂನಲ್ ವಿಚಾರಣೆಯನ್ನೇ ಕಳೆದುಕೊಂಡಿದ್ದರೆ ಅದನ್ನು ವಕೀಲರಿಗೆ ಹೇಳಿ. 2007ರ ಎಸ್‌ಝಡ್‌ಎಫ್‌ಡಿಇ ಪ್ರಕರಣದಲ್ಲಿ ಒಬ್ಬ ವಂಚಕ ಒಂದು ಕುಟುಂಬಕ್ಕೆ 'ವಿಚಾರಣೆಗೆ ಹೋಗಬೇಡಿ' ಎಂದಿದ್ದ. ಆ ಮೋಸ ಟ್ರಿಬ್ಯೂನಲ್‌ನ ಕೆಲಸವನ್ನೇ ಕೆಡಿಸಿತು ಎಂದು ಹೈಕೋರ್ಟ್ ಒಮ್ಮತದಿಂದ ಹೇಳಿತು. ಬರೀ ಅಜಾಗರೂಕತೆಗೆ ಈ ಪರಿಹಾರ ಇಲ್ಲ, ಮೋಸ ಆಗಿರಬೇಕು.

6. ಅರ್ಜಿ ಹಾಕುವುದು

ಅರ್ಜಿ ಹೋಗುವುದು ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟಿನ ಎರಡನೇ ವಿಭಾಗಕ್ಕೆ. ಮೈಗ್ರೇಷನ್ ಅರ್ಜಿಯ ಫಾರಂ ಕೋರ್ಟಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರ ಜೊತೆ ಒಂದು ಅಫಿಡವಿಟ್ ಬೇಕು, ಅದಕ್ಕೆ ಟ್ರಿಬ್ಯೂನಲ್ ತೀರ್ಪಿನ ಪ್ರತಿ ಲಗತ್ತಿಸಬೇಕು. ಆನ್‌ಲೈನ್‌ನಲ್ಲಿ ಇ-ಲಾಡ್ಜ್‌ಮೆಂಟ್ ಮೂಲಕ ಹಾಕಬಹುದು. ಮೊದಲ ಪ್ರತಿವಾದಿ ವಲಸೆ ಸಚಿವರು, ಎರಡನೆಯದು ಟ್ರಿಬ್ಯೂನಲ್. ಕನ್ನಡ ದುಭಾಷಿ ಬೇಕಾದರೆ ಅದನ್ನು ಆಗಲೇ ತಿಳಿಸಿ.

ಆಧಾರಗಳನ್ನು ಬರೆಯುವ ರೀತಿ ಹೀಗಿರಲಿ: 'ಬಂಧುಗಳು ಪೊಲೀಸ್ ಇಲಾಖೆಯಲ್ಲಿದ್ದಾರೆ, ಹಾಗಾಗಿ ರಕ್ಷಣೆ ಸಿಗುವುದಿಲ್ಲ ಎಂದು ನಾನು ಲಿಖಿತ ಹೇಳಿಕೆಯ 14ನೇ ಪ್ಯಾರಾದಲ್ಲಿ ಹೇಳಿದ್ದೆ. ಟ್ರಿಬ್ಯೂನಲ್ 40ರಿಂದ 52ರವರೆಗಿನ ಪ್ಯಾರಾಗಳಲ್ಲಿ ಪೊಲೀಸ್ ರಕ್ಷಣೆಯ ಬಗ್ಗೆ ಬರೆದರೂ ಈ ಮಾತನ್ನು ಪರಿಗಣಿಸಿಲ್ಲ.' ಇಷ್ಟು ನಿಖರವಾಗಿರಲಿ. ಗಡುವು ಹತ್ತಿರವಾಗಿ ವಕೀಲರು ಸಿಗದಿದ್ದರೆ, ನಿಮಗೆ ತಿಳಿದಷ್ಟು ಬರೆದು ಹಾಕಿಬಿಡಿ. ಆಮೇಲೆ ಅರ್ಜಿ ತಿದ್ದಲು ಸಾಮಾನ್ಯವಾಗಿ ಒಂದು ದಿನಾಂಕ ಕೊಡುತ್ತಾರೆ.

ಶುಲ್ಕ ಭಾರವೇ. 2021ರಲ್ಲಿ 690 ಡಾಲರ್ ಇದ್ದದ್ದನ್ನು ಒಮ್ಮೆಗೇ 3,330ಕ್ಕೆ ಏರಿಸಿದರು. ಆಶ್ರಯ ಕೇಳುವವರ ಮೇಲೆ ಇಷ್ಟು ಹೊರೆ ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಹಣದ ಕಷ್ಟ ಇದ್ದರೆ ಕಡಿಮೆ ಶುಲ್ಕಕ್ಕೆ ಅರ್ಜಿ ಹಾಕಿ. ಈಗಿನ ದರವನ್ನು ಕೋರ್ಟಿನ ಪಟ್ಟಿಯಲ್ಲೇ ನೋಡಿ.

ನಿಮ್ಮ ಹೆಸರು ಹೊರಗೆ ಬರುತ್ತದೆ ಎಂಬ ಭಯ ಬೇಡ. ಕಾಯ್ದೆಯ 91ಎಕ್ಸ್ ಕಲಂ ಪ್ರಕಾರ ಪ್ರೊಟೆಕ್ಷನ್ ವೀಸಾ ಕೇಳಿದವರ ಹೆಸರನ್ನು ಕೋರ್ಟ್ ಪ್ರಕಟಿಸುವಂತಿಲ್ಲ. ಮೇಲಿನ ಹಲವು ಪ್ರಕರಣಗಳಿಗೆ ಅಂಥ ವಿಚಿತ್ರ ಅಕ್ಷರಗಳ ಹೆಸರು ಇರುವುದು ಇದಕ್ಕೇ.

7. ಬ್ರಿಡ್ಜಿಂಗ್ ವೀಸಾ ಮರೆಯಬೇಡಿ

ಅರ್ಜಿ ತೀರ್ಮಾನವಾಗುವವರೆಗೆ ದೇಶದಲ್ಲಿ ಇರಲು ಕೊಡುವ ತಾತ್ಕಾಲಿಕ ವೀಸಾವೇ ಬ್ರಿಡ್ಜಿಂಗ್ ವೀಸಾ. ಕೋರ್ಟಿಗೆ ಹೋದ ಮಾತ್ರಕ್ಕೆ ಅದು ತಾನಾಗಿ ಮುಂದುವರಿಯುವುದಿಲ್ಲ. ಹಳೆಯ ಬ್ರಿಡ್ಜಿಂಗ್ ವೀಸಾ ಸಾಮಾನ್ಯವಾಗಿ ಟ್ರಿಬ್ಯೂನಲ್ ತೀರ್ಪಿನ ನಂತರ 35 ದಿನಕ್ಕೆ ಮುಗಿಯುತ್ತದೆ. ಕೋರ್ಟಿನ ಮುದ್ರೆ ಇರುವ ಅರ್ಜಿಯ ಪ್ರತಿ ಲಗತ್ತಿಸಿ, ಹಳೆಯದು ಮುಗಿಯುವ ಮೊದಲೇ ಹೊಸದಕ್ಕೆ ಕೇಳಿ. ಕೆಲಸ ಮಾಡುವ ಅನುಮತಿ ಇದೆಯೇ ಅಂತ ಹೊಸ ವೀಸಾ ಪತ್ರದಲ್ಲಿ ಪರೀಕ್ಷಿಸಿ. ದೇಶದಿಂದ ಹೊರಗೆ ಕಳಿಸುವ ದಿನಾಂಕ ಈಗಾಗಲೇ ಬಂದಿದ್ದರೆ, ಅದನ್ನು ತಡೆಯಲು ತುರ್ತು ತಡೆಯಾಜ್ಞೆ ಬೇಕು. ಅವತ್ತೇ ವಕೀಲರನ್ನು ಹುಡುಕಿ.

8. ಕಾಯುವಿಕೆ, ವಿಚಾರಣೆ, ಖರ್ಚು

ಸಚಿವರ ಪರ ವಕೀಲರು ಎಲ್ಲ ದಾಖಲೆಗಳನ್ನು ಸೇರಿಸಿ ಕೋರ್ಟ್ ಬುಕ್ ಮಾಡಿ ಕಳಿಸುತ್ತಾರೆ. ನೀವು ಕೊಟ್ಟಿದ್ದ ಕಾಗದ ಅದರಲ್ಲಿ ಇಲ್ಲದಿದ್ದರೆ ತಿಳಿಸಿ. ವಿಚಾರಣೆಗೆ ವರ್ಷಗಟ್ಟಲೆ ಆಗಬಹುದು. ವಿಳಾಸ, ಇಮೇಲ್ ಬದಲಾದರೆ ಕೋರ್ಟಿಗೂ ಇಲಾಖೆಗೂ ಹೇಳಿ. ಕರೆ ಬಂದ ದಿನ ಹೋಗದಿದ್ದರೆ ಅರ್ಜಿ ವಜಾ ಆಗಬಹುದು.

ವಿಚಾರಣೆಯ ದಿನ ಮತ್ತೆ ಇಡೀ ಕಥೆ ಹೇಳಬೇಕು ಅನಿಸುತ್ತದೆ. ಅದು ಸಹಜ. ನೋವು ಅನುಭವಿಸಿದವರಿಗೆ ಬೇರೆ ಏನು ಹೇಳಲು ತೋಚೀತು? ಆದರೆ ನ್ಯಾಯಾಧೀಶರಿಗೆ ಬೇಕಾದದ್ದು ನಿಮ್ಮ ನೋಟ್‌ಬುಕ್‌ನ ಬಲಗಡೆಯ ಖಾಲಿ ಜಾಗಗಳು. ಅವನ್ನು ತೋರಿಸಿ.

ಸೋತರೆ ಸಚಿವರ ಕಡೆಯ ಖರ್ಚು ನಿಮ್ಮ ಮೇಲೆ ಬೀಳುತ್ತದೆ, ಸಾವಿರಾರು ಡಾಲರ್. ಅದು ಸರ್ಕಾರಕ್ಕೆ ಬಾಕಿ ಅಂತ ಉಳಿದರೆ ಮುಂದೆ ಬೇರೆ ವೀಸಾಕ್ಕೂ ತೊಡಕಾಗಬಹುದು. ಹಾಕುವ ಮೊದಲೇ ಮನೆಯವರ ಜೊತೆ ಇದನ್ನು ಮಾತಾಡಿ.

9. ತೀರ್ಪಿನ ನಂತರ

ಸೋತರೆ 28 ದಿನದೊಳಗೆ ಫೆಡರಲ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಅಲ್ಲಿ ಹೊಸ ಆಧಾರ ಎತ್ತಲು ಅನುಮತಿ ಬೇಕು. ಅದಾದ ಮೇಲೆ ಹೈಕೋರ್ಟ್, ಅದೂ ವಿಶೇಷ ಅನುಮತಿ ಸಿಕ್ಕರೆ ಮಾತ್ರ. ಸಚಿವರೇ ಸ್ವತಃ ಮಧ್ಯೆ ಬಂದು ವೀಸಾ ಕೊಡುವ ಅಧಿಕಾರ ಇದೆ, ಆದರೆ ಅದನ್ನು ಬಳಸಿ ಅಂತ ಯಾರೂ ಅವರನ್ನು ಒತ್ತಾಯಿಸುವಂತಿಲ್ಲ. ದೇಶದೊಳಗೇ ಇದ್ದು ಇನ್ನೊಮ್ಮೆ ಪ್ರೊಟೆಕ್ಷನ್ ವೀಸಾ ಅರ್ಜಿ ಹಾಕುವುದನ್ನು 48ಎ ಕಲಂ ತಡೆಯುತ್ತದೆ.

ಗೆದ್ದರೆ ವೀಸಾ ಕೈಗೆ ಬರುವುದಿಲ್ಲ. ಹಳೆಯ ತೀರ್ಪು ರದ್ದಾಗಿ ಕೇಸು ಟ್ರಿಬ್ಯೂನಲ್‌ಗೆ ಹಿಂದಿರುಗುತ್ತದೆ. ಕೆಲವೊಮ್ಮೆ ಸಚಿವರ ಕಡೆಯವರೇ ತಪ್ಪು ಒಪ್ಪಿಕೊಂಡು, ವಿಚಾರಣೆಗೆ ಮೊದಲೇ ಹಿಂದಕ್ಕೆ ಕಳಿಸಲು ಒಪ್ಪುತ್ತಾರೆ. ಈಗ ನಿಮ್ಮ ಕಥೆಗೆ ಮತ್ತೆ ಜಾಗ ಸಿಕ್ಕಿತು. ಕೋರ್ಟ್ ನೋಡದೆ ಬಿಟ್ಟ ಹೊಸ ಸಾಕ್ಷಿಗಳು, ಊರಿನಿಂದ ಬಂದ ಹೊಸ ಪತ್ರ, ವೈದ್ಯರ ವರದಿ, ಎಲ್ಲವನ್ನೂ ಇಲ್ಲಿ ಕೊಡಬಹುದು. ಹಿಂದೆ ಯಾಕೆ ಕೊಡಲಿಲ್ಲ ಅಂತ ಕೇಳುತ್ತಾರೆ. ಅದಕ್ಕೆ ನಿಜವಾದ ಉತ್ತರವನ್ನು ಬರೆದು ಇಟ್ಟುಕೊಂಡಿರಿ. ದುಭಾಷಿ 'ಅಣ್ಣ' ಅಂತ ಹೇಳುವ ಮೊದಲೇ, ದೊಡ್ಡಪ್ಪನ ಮಗ ಅಂತ ನೀವೇ ಬಿಡಿಸಿ ಹೇಳಿ.